ಮೂರನೇ ಕಿಟಕಿ

"ಅಮ್ಮಚ್ಚಿ, ಅರಮನೆ ಮುಂದೆ ನಿಂತ್ಕೊಳ್ಳಿ, ಒಂದು ಫೋಟೋ!" ಎಂದು ಸುಮಿತ್ರ ಮೊಬೈಲ್ ಎತ್ತಿದಾಗ ಪಕ್ಕದ ಮನೆಯ ಮುದುಕಿ ತ್ರೇಸ್ಯಮ್ಮ ನಗಲಿಲ್ಲ. ಚರ್ಚಿನಲ್ಲಿ ಮಾಡುವಂತೆ ಸೆರಗನ್ನು ತಲೆಗೆಳೆದುಕೊಂಡು, ಗೋಡೆಯ ಮೇಲಿನ ಕಪ್ಪುಬಿಳುಪು ಚಿತ್ರದಲ್ಲಿ ಮೂರನೇ ಕಿಟಕಿಯ ಮೇಲೆ ಬೆರಳಿಟ್ಟರು. "ನನ್ನ ಅಪ್ಪ ಇಲ್ಲೇ ಇದ್ದದ್ದು. ಹೊರಗೆ ಬರಲೇ ಇಲ್ಲ."

ಫೋರ್ಟ್ ಕೊಚ್ಚಿಯ ಹಳೇ ಸಾಮಾನಿನ ಅಂಗಡಿಯಲ್ಲಿ, ಆ ಕಮಾನುಗಳು ಥೇಟ್ ಮೈಸೂರಿನವೇ ಎಂದು ಸುಮಿತ್ರ ಆಸೆಪಟ್ಟು ಕೊಂಡ ಚಿತ್ರ ಅದು. ಗೃಹಪ್ರವೇಶಕ್ಕೆಂದು ಸೀರಿಯಲ್ ಲೈಟ್ ಬೇರೆ ಸುತ್ತಿದ್ದಳು. ಬೆಳಗ್ಗೆಯಿಂದ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ ನಗಿಸಿದ್ದಳು. ಕೆಳಗೆ ಮಲಯಾಳದಲ್ಲಿ ಒಂದು ಸಾಲು ಇತ್ತು. ಹನ್ನೊಂದು ವರ್ಷ ಇಲ್ಲಿನ ಬ್ಯಾಂಕಿನಲ್ಲಿ ದುಡಿದರೂ ಅವಳು ಆ ಅಕ್ಷರ ಕಲಿತಿರಲಿಲ್ಲ. ಅರಮನೆಯ ಹೆಸರಿರಬೇಕು ಎಂದುಕೊಂಡಿದ್ದಳು.

ತ್ರೇಸ್ಯಮ್ಮ ಓದಿದರು: "ಕೆಡವುವ ಮುಂಚೆ, ಹಳೇ ಜೈಲು."

ಬೆಳಗ್ಗೆ ಬಂದಿದ್ದ ಬ್ಯಾಂಕಿನವರು ಫೋಟೋಗೆ ನಿಲ್ಲುವಾಗ ಯಾಕೆ ಮುಖಮುಖ ನೋಡಿಕೊಂಡಿದ್ದರೆಂದು ಸುಮಿತ್ರಳಿಗೆ ಈಗ ಹೊಳೆಯಿತು. ಲೈಟ್ ಆರಿಸಿ, ತಲೆ ಎತ್ತಲಾರದೆ, "ಕ್ಷಮಿಸಿ, ಈಗಲೇ ಇಳಿಸಿಬಿಡ್ತೀನಿ" ಎಂದಳು.

"ಬೇಡ ಮೋಳೇ." ಮಗಳನ್ನು ಕರೆಯುವಂತೆ ಹೇಳಿ ತ್ರೇಸ್ಯಮ್ಮ ಆ ಮೂರನೇ ಕಿಟಕಿಯ ಪಕ್ಕಕ್ಕೆ ಮುಖ ತಂದು ನೆಟ್ಟಗೆ ನಿಂತರು. "ಫೋಟೋ ತೆಗಿ. ಅಪ್ಪನ ಜೊತೆ ನಂದು ಒಂದೂ ಫೋಟೋ ಇಲ್ಲ."