ಅರ್ಧ ಖಾಲಿಯಿರುವ ಸ್ಮಶಾನ

"ತಡೀರಿ ಮಾವ, ಸೀಲು ಒತ್ತಬೇಡಿ!" ಎಂದು ಸೊಸೆ ಕೂಗಿದಾಗ ಸ್ಮಶಾನ ಸಮಿತಿಯ ಅಧ್ಯಕ್ಷರ ಕೈ ಗಾಳಿಯಲ್ಲೇ ನಿಂತಿತು. ಮುಂದೆ ಸ್ಮಶಾನಕ್ಕೇ ಬೇಕಾದೀತೆಂದು ಕಾದಿರಿಸಿದ್ದ ಪಕ್ಕದ ಜಾಗವನ್ನು ಅಂಗಡಿಗಳಿಗೆ ಬಿಟ್ಟುಕೊಡುವ ಕಾಗದ ಮೇಜಿನ ಮೇಲಿತ್ತು. "ನೂರು ವರ್ಷಕ್ಕೆ ಸ್ಮಶಾನ ಅರ್ಧ ತುಂಬಿದೆ. ಮಿಕ್ಕ ಅರ್ಧಕ್ಕೆ ಇನ್ನೂ ನೂರು ವರ್ಷ ಬೇಕು. ಲೆಕ್ಕದ ಟೀಚರಮ್ಮನಿಗೆ ಇಷ್ಟೂ ಗೊತ್ತಾಗಲ್ವೇನಮ್ಮ?" ಎಂದು ಅವರು ನಕ್ಕರು.

ಸೊಸೆ ಕುರ್ಚಿಯ ಮೇಲೆ ಮಡಿಸಿಟ್ಟಿದ್ದ ಅವರ ಶಾಲನ್ನು ಎತ್ತಿಕೊಂಡಳು. "ಊರು ಬೆಳೆದ ಹಾಗೆ ಸಮಾಧಿಗಳೂ ಇಪ್ಪತ್ತು ವರ್ಷಕ್ಕೊಮ್ಮೆ ಎರಡರಷ್ಟಾಗ್ತಿವೆ ಮಾವ. ಈ ಶಾಲೇ ಇಡೀ ಸ್ಮಶಾನ ಅಂದ್ಕೊಳ್ಳಿ. ನಲವತ್ತು ವರ್ಷದ ಹಿಂದೆ ತುಂಬಿದ್ದು ಇಷ್ಟೇ," ಎಂದು ತೋರಿಸಿ ಒಂದು ಮಡಿಕೆ ಬಿಚ್ಚಿದಳು. "ಇಪ್ಪತ್ತು ವರ್ಷದ ಹಿಂದೆ ಇಷ್ಟು." ಇನ್ನೊಂದು ಬಿಚ್ಚಿದಳು. "ಇವತ್ತು ಇಷ್ಟು, ಅರ್ಧ." ಕೊನೆಯ ಮಡಿಕೆ ಬಿಚ್ಚಿಕೊಂಡಾಗ ಶಾಲು ಮೇಜಿನ ತುಂಬ ಹರಡಿ ಕಾಗದವನ್ನೇ ಮುಚ್ಚಿಬಿಟ್ಟಿತು. "ಇನ್ನು ಇಪ್ಪತ್ತೇ ವರ್ಷ. ಆಮೇಲೆ ಗೇಣು ಜಾಗವೂ ಉಳಿಯಲ್ಲ."

ಅಧ್ಯಕ್ಷರ ನಗು ಇಂಗಿಹೋಯಿತು. ಬೆರಳು ಮಡಿಚುತ್ತ ತಮ್ಮ ವಯಸ್ಸಿಗೆ ಇಪ್ಪತ್ತು ಕೂಡಿಸಿ ನೋಡಿದರು. ಮುಖ ಮತ್ತೆ ಅರಳಿತು.

"ಹಾಗಾದ್ರೆ ನನ್ನ ಜಾಗಕ್ಕೇನೂ ತೊಂದರೆ ಇಲ್ಲ ಅನ್ನು. ದೇವರು ದೊಡ್ಡವನು," ಎಂದು ಶಾಲನ್ನು ಸರಿಸಿ ಸೀಲು ಒತ್ತಿದರು.