ಹಾಫ್ ಕ್ಲಚ್

ಡ್ರೈವಿಂಗ್ ಮೇಷ್ಟ್ರ ಮನೆ ಮುಂದಿನ ಏರುದಾರಿಗೆ ಬಂದ ಕೂಡಲೇ ಅಕ್ಕ ಹಿಂದೆ ಮುಂದೆ ಬೇರೆ ಗಾಡಿ ಇಲ್ಲವೆಂದು ನೋಡಿಕೊಂಡರು. ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ಚಿನ ಮೇಲಿದ್ದ ಕಾಲನ್ನು ಸರಕ್ಕನೆ ತೆಗೆದರು. ಕಾರು ಒಮ್ಮೆ ಕುಪ್ಪಳಿಸಿ, ಕೆಮ್ಮಿ, ಆಫ್ ಆಯಿತು. ಬೇಕೆಂದೇ ಮಾಡಿದ್ದು. ಕಾರು ಓಡಿಸುವುದು ಅವರಿಗೆ ಈಗ ಚೆನ್ನಾಗಿಯೇ ಬರುತ್ತಿತ್ತು. ಒಳಗೆ ಮಲಗಿದ್ದ ಮೇಷ್ಟ್ರಿಗೆ ಮಾತ್ರ ಅದು ಗೊತ್ತಾಗಬಾರದಿತ್ತು.

ಅಕ್ಕ ಎಂದು ಕರೆಯುವುದು ಅವರ ತಂಡದ ನರ್ಸುಗಳು. ಇನ್ನು ವಾಸಿಯಾಗುವುದಿಲ್ಲವೆಂದು ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ತಂಡ ಅದು. ಅದನ್ನು ನಡೆಸುವ ಅಕ್ಕ ನೋವು ತಗ್ಗಿಸುವುದು, ಹುಣ್ಣು ತೊಳೆಯುವುದು, ಮನೆಯವರಿಗೆ ಧೈರ್ಯ ಹೇಳುವುದು ಎಲ್ಲದರಲ್ಲೂ ಎತ್ತಿದ ಕೈ. ಕಾರಿನಲ್ಲಿ ಕೂತರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಆದರೆ ತಂಡದ ಡ್ರೈವರ್ ಕೆಲಸ ಬಿಟ್ಟು ಹೋದಾಗ, ದೂರದ ಮನೆಗಳಿಗೆ ಹೋಗುವುದು ನಿಂತುಹೋಗಬಾರದೆಂದು, ಯಾವ ಕಾಲದಲ್ಲೋ ಮಾಡಿಸಿ ಬೀರುವಿನಲ್ಲಿಟ್ಟಿದ್ದ ಲೈಸೆನ್ಸ್ ಹುಡುಕಿ ತೆಗೆದು ಅವರೇ ಸ್ಟೀರಿಂಗ್ ಹಿಡಿದರು.

ಆಗ ಮೇಷ್ಟ್ರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮನುಷ್ಯ ಮಗಳ ಜೊತೆಗೂ ಮಾತು ಬಿಟ್ಟಿದ್ದರು. ನೋವಿನ ಔಷಧಿ ಹಿಡಿದು ಯಾವ ನರ್ಸ್ ಹೋದರೂ ತುಟಿ ಬಿಗಿಯುತ್ತಿದ್ದರು. ಒಂದು ಬೆಳಿಗ್ಗೆ ಇದೇ ಏರಿನಲ್ಲಿ ಅಕ್ಕನ ಕಾರು ಮೇಲಿಂದ ಮೇಲೆ ಆಫ್ ಆಗಿ, ಹಿಂದಿನವರೆಲ್ಲ ಹಾರ್ನ್ ಬಾರಿಸತೊಡಗಿದಾಗ ಕಿಟಕಿಯೊಳಗಿಂದ ಒಂದು ದನಿ ಬಂತು. "ಏರಲ್ಲಿ ಕ್ಲಚ್ ಅರ್ಧ ಬಿಟ್ಟು ಹಿಡಿಯೋ ಹಾಫ್ ಕ್ಲಚ್ ಗೊತ್ತಿಲ್ಲದೋರಿಗೆ ಯಾವ ಪುಣ್ಯಾತ್ಮ ಲೈಸೆನ್ಸ್ ಕೊಟ್ಟಿದ್ದು? ಕರಕೊಂಡು ಬಾ ಅವರನ್ನ ಒಳಗೆ." ಮಗಳು ಓಡಿಬಂದು, ಕಾರಿನ ಬಾಗಿಲು ಹಿಡಿದು ನಿಂತು, ಅಳುತ್ತಲೇ ನಕ್ಕಳು.

ಅಂದಿನಿಂದ ಪಾಠ. ಮಂಚದ ಪಕ್ಕದ ಕುರ್ಚಿಯಲ್ಲಿ ಅಕ್ಕ, ಕೈಯಲ್ಲಿ ಸ್ಟೀರಿಂಗ್ ಎಂದು ಒಂದು ಊಟದ ತಟ್ಟೆ, ಕಾಲ ಬಳಿ ಕ್ಲಚ್ಚು, ಬ್ರೇಕು, ಎಕ್ಸಲರೇಟರ್ ಎಂದು ಔಷಧಿಯ ಖಾಲಿ ಡಬ್ಬಿಗಳು. ನೋವಿದ್ದರೆ ಪಾಠ ಕೆಡುತ್ತದೆಂದು ಮೇಷ್ಟ್ರು ಔಷಧಿಯನ್ನು ತಾವೇ ಕೇಳಿ ಕುಡಿಯತೊಡಗಿದರು. ಬೈಗುಳಕ್ಕಂತೂ ಬರವಿರಲಿಲ್ಲ. ದಿನವಿಡೀ ಇನ್ನೊಬ್ಬರಿಗೆ ಹೇಳಿಕೊಡುವ ಅಕ್ಕನಿಗೆ ಹೀಗೆ ಯಾರಿಂದಲಾದರೂ ಬೈಸಿಕೊಂಡು ಎಷ್ಟೋ ಕಾಲವಾಗಿತ್ತು. ಅದರಲ್ಲೊಂದು ಸುಖವೂ ಇತ್ತು. ತೊಂದರೆಯೆಂದರೆ ಕಲಿಸಿದ್ದೆಲ್ಲ ನಿಜಕ್ಕೂ ತಲೆಗೆ ಹತ್ತಿಬಿಟ್ಟಿತ್ತು. ಕಲಿಯುವುದು ಮುಗಿಯಿತೆಂದು ಮೇಷ್ಟ್ರು ಮತ್ತೆ ಗೋಡೆಯ ಕಡೆ ತಿರುಗಿಬಿಟ್ಟರೆ? ಆ ಭಯಕ್ಕೇ ಇವತ್ತಿನ ನಾಟಕ.

ಪೆಚ್ಚು ಮೋರೆ ಹಾಕಿಕೊಂಡು ಒಳಗೆ ಬಂದ ಅಕ್ಕ, ಈ ಏರು ಹತ್ತುವುದು ತನ್ನ ಹಣೆಯಲ್ಲೇ ಬರೆದಿಲ್ಲವೆಂದು ಗೊಣಗುತ್ತ ಡಬ್ಬಿಗಳನ್ನು ಜೋಡಿಸತೊಡಗಿದರು. ಮೇಷ್ಟ್ರು ದಿಂಬಿಗೊರಗಿ ಅದನ್ನೇ ನೋಡುತ್ತಿದ್ದರು.

"ಡಬ್ಬಿ ಇರಲಿ ಬಿಡಿ ಸಿಸ್ಟರ್," ಎಂದರು ಕೊನೆಗೆ. "ಇವತ್ತು ಮೊದಲು ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಬಂತು, ಆಮೇಲೆ ಗಾಡಿ ಆಫ್ ಆಯ್ತು. ನಿಜವಾಗಿ ಗಾಬರಿ ಬಿದ್ದೋರು ಮೊದಲು ಆಫ್ ಮಾಡ್ತಾರೆ, ಆಮೇಲೆ ಹ್ಯಾಂಡ್‌ಬ್ರೇಕಿಗೆ ತಡಕಾಡ್ತಾರೆ."

ಅಕ್ಕನ ಮುಖ ಸಪ್ಪಗಾಯಿತು. ಬಾಗಿಲಲ್ಲಿ ನಿಂತಿದ್ದ ಮಗಳು, ಹೋಗಲಿ ಬಿಡಪ್ಪ ಎಂದಳು. ಮೇಷ್ಟ್ರು ಬಿಡಲಿಲ್ಲ. ಒಳ್ಳೆಯದಕ್ಕಾದರೂ ಸರಿ, ಕಾಯಿಲೆಯವರ ಹತ್ತಿರ ಸುಳ್ಳಾಡಬಾರದು ಎಂದು ತಂಡದ ಹುಡುಗಿಯರಿಗೆಲ್ಲ ಹೇಳಿಕೊಟ್ಟಿದ್ದು ಯಾರು ಎಂದು ಕೇಳಿದರು. ಹುಡುಗಿಯರು ಔಷಧಿ ಕೊಡಲು ಬಂದಾಗ ಎಲ್ಲವನ್ನೂ ಅವರ ಹತ್ತಿರ ಹರಟಿದ್ದರು. ನಾನೇ, ಎಂದು ಅಕ್ಕ ಶಿಷ್ಯೆಯ ಹಾಗೆ ತಲೆ ತಗ್ಗಿಸಿದರು.

"ಪಾಠ ಮುಗಿದ್ರೆ ನೀವು ಮತ್ತೆ ಗೋಡೆ ಕಡೆ ತಿರುಗಿಬಿಡ್ತೀರಿ ಅಂತ ಹೆದರಿಕೆ ಆಯ್ತು ಮೇಷ್ಟ್ರೇ."

ಅಷ್ಟು ಹೇಳಿದ ಮೇಲೆ ಅಕ್ಕನಿಗೆ ಎದೆಯ ಭಾರ ಇಳಿದಂತಾಯಿತು. ಹೊರಗೆ ಯಾರೋ ಸ್ಕೂಟರನ್ನು ಏರು ಹತ್ತಿಸುತ್ತಿದ್ದರು. ಅದು ಮೇಲೆ ಮುಟ್ಟುವವರೆಗೂ ಮೇಷ್ಟ್ರು ಅದರ ಸದ್ದಿಗೆ ಕಿವಿಗೊಟ್ಟರು. ಆಮೇಲೆ, ಅಕ್ಕ ಪಾಸೆಂದೂ, ಪಾಸಾದವರನ್ನು ಮತ್ತೆ ಕೂರಿಸಿಕೊಂಡು ಹೇಳಿಕೊಡುವ ಅಭ್ಯಾಸ ತಮಗಿಲ್ಲವೆಂದೂ ಹೇಳಿ, ತಂಡದಲ್ಲಿ ಕಾರು ಬಾರದವರು ಇನ್ನೂ ಯಾರ‍್ಯಾರಿದ್ದಾರೆ ಎಂದು ವಿಚಾರಿಸಿದರು.

ಅಕ್ಕನ ಮುಖ ಅರಳಿತು. ಇಬ್ಬರು ಚುರುಕಿನ ಹುಡುಗಿಯರಿದ್ದಾರೆ, ತೋರಿಸಿದರೆ ಸಾಕು, ಹಿಡಿದುಕೊಳ್ಳುತ್ತಾರೆ. ಇನ್ನೊಬ್ಬಳು ಮಾತ್ರ ಎದುರಿಗೆ ಲಾರಿ ಬಂದರೆ ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುವ ಪೈಕಿ ಎಂದರು. ಮೇಷ್ಟ್ರಿಗೆ ಆಯಾಸವಾಗದ ಹಾಗೆ ಚುರುಕಿನವರನ್ನೇ ಮೊದಲು ಕಳಿಸುವುದಾಗಿಯೂ ಹೇಳಿದರು.

"ಬೇಡ," ಎಂದರು ಮೇಷ್ಟ್ರು. "ಕಣ್ಣು ಮುಚ್ಚೋಳನ್ನೇ ಮೊದಲು ಕಳಿಸಿ. ಮಿಕ್ಕವರು ನಾನಿಲ್ದೇ ಹೋದ್ರೂ ಕಲೀತಾರೆ."