ಹೇಳಿದ ದಿನಕ್ಕೆ ಅಂಗಿ

ವಿದೇಶಿ ಕಂಪನಿಯ ಅಧಿಕಾರಿ ಬರುವ ದಿನ ನಮ್ಮ ಗಾರ್ಮೆಂಟ್ಸ್‌ನಲ್ಲಿ ಹೆಂಗಸರ ಶೌಚಾಲಯದ ಬೀಗ ತೆಗೆದು, ಒಳಗೆ ಹೊಸ ಸಾಬೂನು ಇಟ್ಟರು. ಅವನ ಮಾತು ನಮ್ಮವರಿಗೆ, ನಮ್ಮವರ ಮಾತು ಅವನಿಗೆ ತಿಳಿಸುವ ಕೆಲಸ ನನ್ನದು.

“ಐದು ದೇಶಗಳಲ್ಲಿ ನಮ್ಮ ಅಂಗಿ ಹೊಲಿಯುತ್ತಾರೆ. ಹೇಳಿದ ದಿನಕ್ಕೆ ಕೊಡುವವರು ನೀವು ಮಾತ್ರ. ಹೇಗೆ?” ಎಂದು ಅವನು ಕೇಳಿದ.

“ಎಲ್ಲಾ ಶಿಸ್ತು ಸರ್,” ಎಂದ ಮ್ಯಾನೇಜರ್, ಫೋನ್ ಬಂದು ಹೊರಗೆ ಹೋದ.

ಹೊಲಿಗೆಯ ಚಿಕ್ಕತಾಯಮ್ಮ ನನ್ನ ಸೆರಗು ಜಗ್ಗಿದಳು. “ಈಗ್ಲೇ ಹೇಳ್ಬಿಡಿ ಮೇಡಂ. ದಿನಕ್ಕೆ ಎರಡೇ ಸಲ ಬೀಗ ತೆಗೀತಾರೆ, ಅದಕ್ಕೇ ನಾವು ನೀರೂ ಕುಡಿಯಲ್ಲ ಅಂತ. ಮೊನ್ನೆ ಒಬ್ಳು ಮಿಷಿನ್ ಮುಂದೆ ಕೂತಲ್ಲೇ ಸೀರೆ ಒದ್ದೆ ಮಾಡ್ಕೊಂಡ್ಳು.”

ಕೆಲಸ ಹೋದೀತೆಂದು ಹೆದರುತ್ತಲೇ ಒಂದು ಮಾತೂ ಬಿಡದೆ ಹೇಳಿದೆ. ಅವನು ಮುಖ ಸಿಂಡರಿಸಿದ. “ಎರಡೇ ಸಲವೇ?” ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡ.

“ಬರ್ಕೊಂಡ ನೋಡಿ! ಐತೆ ಮ್ಯಾನೇಜರಪ್ಪಂಗೆ,” ಎಂದು ಚಿಕ್ಕತಾಯಮ್ಮ ಕಣ್ಣು ಮಿಟುಕಿಸಿದಳು.

ವಾರದ ನಂತರ ಅವನ ಕಂಪನಿಯಿಂದ ಸುತ್ತೋಲೆ ಬಂತು. ಕನ್ನಡಕ್ಕಿಳಿಸಿ ಗೋಡೆಗೆ ಅಂಟಿಸಲು ಮ್ಯಾನೇಜರ್ ಅದನ್ನು ನನಗೇ ಕೊಟ್ಟ.

“ಐದೂ ದೇಶಗಳ ಕಾರ್ಖಾನೆಗಳಿಗೆ: ಇನ್ನು ಮುಂದೆ ಶೌಚಾಲಯದ ಬೀಗವನ್ನು ದಿನಕ್ಕೆ ಎರಡು ಸಲ ಮಾತ್ರ ತೆಗೆಯತಕ್ಕದ್ದು.”